ಅಟ್ಟ ತುಂಬಿತೇ? ಮೊದಲು ಲೆಕ್ಕ ನೋಡಿ!

ಚನ್ನರಾಯಪಟ್ಟಣದ ತೆಂಗಿನ ಸೀಮೆಯಲ್ಲಿ ಕೊಬ್ಬರಿಗೆಂದು ಕಾಯಿಯನ್ನು ಅಟ್ಟಕ್ಕೇರಿಸುವುದು ರೂಢಿ. ಅಟ್ಟ ತುಂಬಿತೆಂದು ಯಾರೂ ಕೂಡಲೇ ಹೊಸ ಅಟ್ಟ ಕಟ್ಟಿಸುವುದಿಲ್ಲ. ಮೇಲೆ ಹತ್ತಿ, ಯಾವ ಮೂಲೆಯಲ್ಲಿ ಏನಿದೆ ಎಂದು ನೋಡುತ್ತಾರೆ. ಕಂಪ್ಯೂಟರಿನ ಡಿಸ್ಕ್ ತುಂಬಿದಾಗ ಮಾತ್ರ ಮಕ್ಕಳು ಗಾಬರಿಯಿಂದ ಕೈಗೆ ಸಿಕ್ಕಿದ್ದನ್ನು ಅಳಿಸುತ್ತಾರೆ, ಪಾಲಕರು ಹೊಸ ಡಿಸ್ಕಿನ ಬೆಲೆ ವಿಚಾರಿಸುತ್ತಾರೆ!

ನಿಮ್ಮ ಮಗಳು ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದ ಬಗ್ಗೆ ಪ್ರಾಜೆಕ್ಟ್ ಬರೆಯುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ತ್ರಿಕೂಟಾಚಲವದು. ಬೈಚೋಜ, ಮಲ್ಲಿತಮ್ಮರ ಶಿಲ್ಪಗಳನ್ನು ಕಂಡವರು ನೂರು ಫೋಟೊ ತೆಗೆಯದೆ ಬರುವುದುಂಟೆ? ಮರುದಿನ ಪ್ರಾಜೆಕ್ಟ್ ಒಪ್ಪಿಸಬೇಕು. ರಾತ್ರಿ ಕಡತ ಉಳಿಸಲು ಹೋದರೆ 'ಜಾಗವಿಲ್ಲ' ಎನ್ನುತ್ತದೆ ಕಂಪ್ಯೂಟರ್. ಈಗೇನು ಮಾಡುವುದು?

ಲಿನಕ್ಸ್ ಇರುವ ಯಂತ್ರದಲ್ಲಿ ಟರ್ಮಿನಲ್ ತೆರೆಯಿರಿ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಇದು ಹೊಸದಲ್ಲ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್‌ನಲ್ಲೇ. ಇಲ್ಲಿ ಎರಡು ಆಜ್ಞೆಗಳು ಸಾಕು. ಎರಡೂ 1971ರ ಯುನಿಕ್ಸ್ ಕೈಪಿಡಿಯಲ್ಲೇ ಇದ್ದವು.

ಮೊದಲನೆಯದು 'ಡಿಎಫ್', ಅಂದರೆ ಡಿಸ್ಕ್ ಫ್ರೀ. ಇಂಗ್ಲಿಷಿನ ಸಣ್ಣಕ್ಷರದಲ್ಲಿ ಡಿ, ಎಫ್ ಒತ್ತಿ, ಜಾಗ ಬಿಟ್ಟು, ಹೈಫನ್ ಮತ್ತು ಎಚ್ ಒತ್ತಿ. ಇಡೀ ಅಟ್ಟದಲ್ಲಿ ಎಷ್ಟು ತುಂಬಿದೆ, ಎಷ್ಟು ಖಾಲಿ ಎಂಬುದು ಶೇಕಡಾ ಲೆಕ್ಕದ ಸಮೇತ ಬರುತ್ತದೆ. 500 ಜಿಬಿ ಎಂದು ಕೊಂಡ ಡಿಸ್ಕ್ ಇಲ್ಲಿ ಸುಮಾರು 465 ಎಂದು ಕಂಡರೆ ಅಂಗಡಿಯವನನ್ನು ಬಯ್ಯಬೇಡಿ. ತಯಾರಕರು ಸಾವಿರ ಸಾವಿರವಾಗಿ ಎಣಿಸುತ್ತಾರೆ, ಈ ಆಜ್ಞೆ 1024ರಂತೆ ಎಣಿಸುತ್ತದೆ. ವ್ಯತ್ಯಾಸ ಬರುವುದು ಅಲ್ಲಿ.

ಎರಡನೆಯದು 'ಡಿಯು', ಅಂದರೆ ಡಿಸ್ಕ್ ಯೂಸೇಜ್. ಡಿ, ಯು ಒತ್ತಿ, ಜಾಗ ಬಿಟ್ಟು, ಹೈಫನ್, ಎಸ್, ಎಚ್. ಮತ್ತೆ ಜಾಗ ಬಿಟ್ಟು ನಕ್ಷತ್ರ ಚಿಹ್ನೆ. ಒಂದೊಂದು ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂಬ ಪಟ್ಟಿ ಬರುತ್ತದೆ. ಒಂದೇ ವಿಡಿಯೊ ಮೂರು ಕಡೆ ನಕಲಾಗಿ ಕುಳಿತಿರುವುದು ಹೆಚ್ಚಾಗಿ ಇಲ್ಲಿಯೇ ಬಯಲಾಗುತ್ತದೆ. ವಿಂಡೋಸ್ ಇದ್ದವರು ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಡಿಐಆರ್' ಎಂದು ಒತ್ತಿದರೆ ಪಟ್ಟಿಯ ಕೊನೆಯ ಸಾಲಿನಲ್ಲಿ ಖಾಲಿ ಜಾಗ ತೋರುತ್ತದೆ.

ಒಂದು ತಮಾಷೆ ನೋಡಿ. ಯುನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 'ನುಗ್ಗೇಹಳ್ಳಿ' ಎಂಬಲ್ಲಿ ಕೊಂಬು, ಒತ್ತು ಎಲ್ಲ ಸೇರಿ 11 ಸಂಕೇತ, ಅಂದರೆ 33 ಬೈಟ್. ಅಷ್ಟನ್ನೇ ಬರೆದಿಟ್ಟ ಕಡತಕ್ಕೂ ಡಿಯು ಸಾಮಾನ್ಯವಾಗಿ 4 ಕೆಬಿ ಎನ್ನುತ್ತದೆ! ಡಿಸ್ಕ್ ಜಾಗ ಕೊಡುವುದೇ 4096 ಬೈಟ್‌ಗಳ ಮಂಕರಿಗಳಲ್ಲಿ. ಮಂಕರಿಯಲ್ಲಿ ಒಂದೇ ಕಾಯಿ ಇದ್ದರೂ ಅಟ್ಟದ ಮೇಲೆ ಮಂಕರಿಯ ಜಾಗ ಹೋದಂತೆಯೇ. ಆದ್ದರಿಂದ ಸಣ್ಣ ಕಡತಗಳು ಸಾವಿರಾರು ಸೇರಿದರೆ ಅವೂ ಭಾರವೇ.

ಫೋಲ್ಡರುಗಳ ಮೊತ್ತ ಕೂಡಿದರೂ ಲೆಕ್ಕ ಕಡಿಮೆ ಬಂತೆ? ನಕ್ಷತ್ರದ ಪಟ್ಟಿಯಲ್ಲಿ ಚುಕ್ಕಿಯಿಂದ ಶುರುವಾಗುವ ಗುಪ್ತ ಫೋಲ್ಡರುಗಳು ಬರುವುದಿಲ್ಲ. ನಕ್ಷತ್ರದ ಬದಲು ಒಂದೇ ಚುಕ್ಕಿ ಒತ್ತಿದರೆ ಅವೂ ಸೇರಿದ ಒಟ್ಟು ಮೊತ್ತ ಬರುತ್ತದೆ. ನೀವು ಅಳಿಸಿದ ಫೋಟೊಗಳ ಕಸದ ಬುಟ್ಟಿ ಇರುವುದೂ ಅಂಥದೊಂದು ಗುಪ್ತ ಫೋಲ್ಡರಿನಲ್ಲೇ. ಬುಟ್ಟಿ ಖಾಲಿ ಮಾಡುವವರೆಗೆ ಜಾಗ ಮರಳದು.

ಕೊನೆಯದಾಗಿ ಒಂದು ಎಚ್ಚರಿಕೆ. ಡಿಎಫ್, ಡಿಯು ಬರೀ ಲೆಕ್ಕ ಹೇಳುತ್ತವೆ, ಏನನ್ನೂ ಅಳಿಸುವುದಿಲ್ಲ, ಧೈರ್ಯವಾಗಿ ಬಳಸಿ. ಆದರೆ ಟರ್ಮಿನಲ್‌ನಲ್ಲಿ 'ಆರ್‌ಎಂ' ಆಜ್ಞೆಯಿಂದ ಅಳಿಸಿದ್ದು ಕಸದ ಬುಟ್ಟಿಗೂ ಹೋಗದು, ಹೋದದ್ದು ಹೋದಂತೆ. ಬೇಕಾದ ಫೋಟೊಗಳನ್ನು ಮೊದಲು ಪೆನ್‌ಡ್ರೈವ್‌ಗೆ ಹಾಕಿ, ಅಲ್ಲಿ ತೆರೆದು ನೋಡಿ, ಆಮೇಲೆ ನಕಲುಗಳನ್ನು ತೆಗೆಯಿರಿ. ನಿಮ್ಮದಲ್ಲದ ಫೋಲ್ಡರಿಗೆ ಕೈ ಹಾಕಬೇಡಿ.

ಪಾಲಕರೇ, ಇಷ್ಟಾದ ಮೇಲೂ ಜಾಗ ಸಾಲದಿದ್ದರೆ ಹೊಸ ಡಿಸ್ಕ್ ಕೊಡಿಸಿ. ಆದರೆ ಲೆಕ್ಕವನ್ನು ಮಕ್ಕಳೇ ಹಾಳೆಯ ಮೇಲೆ ಬರೆದು ತೋರಿಸಲಿ.