ತಿರಸ್ಕರಿಸಿದರೆ ಕಾರಣ ಬರೆದುಕೊಡಿ



ನಮ್ಮ ಪಕ್ಕದ ಮನೆಯ ಹುಡುಗನಿಗೆ ಹುಟ್ಟಿನಿಂದಲೇ ಒಂದು ಕಾಲಿಗೆ ಬಲವಿಲ್ಲ. ಅಂಗವಿಕಲರ ಮಾಸಾಶನಕ್ಕೆ ಕೊಟ್ಟ ಅರ್ಜಿ ತಿರಸ್ಕೃತವಾಯಿತು. ಯಾಕೆಂದು ಕೇಳಲು ಅವನ ತಾಯಿ ಬೀಡಿ ಕಟ್ಟುವುದನ್ನು ಬಿಟ್ಟು ಮೂರು ಸಲ ಕಚೇರಿಗೆ ಅಲೆದರು. ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ. 40ಕ್ಕಿಂತ ಕಡಿಮೆ ಎಂದಿದೆಯಂತೆ. ಆ ಅಂಕಿಯನ್ನು ಪ್ರಶ್ನಿಸಬಹುದೆಂದು ಮಾತ್ರ ಯಾರೂ ಹೇಳಲಿಲ್ಲ.

ಖಂಡಿತ ಪ್ರಶ್ನಿಸಬಹುದು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 59ನೇ ಕಲಂ ಪ್ರಮಾಣಪತ್ರದ ತೀರ್ಮಾನದ ವಿರುದ್ಧ ಮೇಲ್ಮನವಿಗೆ ಅವಕಾಶ ಕೊಟ್ಟಿದೆ.

ಆದರೆ ಮೇಲ್ಮನವಿಯ ನಂತರದ ಮರುತಪಾಸಣೆಗೆ ಮಂಗಳೂರಿಗೆ ಹೋಗುವುದು ಸುಲಭವೇ? ಗೇರು ತೋಪುಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಹಾಸಿಗೆ ಬಿಟ್ಟೇಳಲಾಗದ ಮಕ್ಕಳಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನೇನೋ ನಿಷೇಧಿಸಿತು. ಆ ಮಕ್ಕಳನ್ನು ಎತ್ತಿಕೊಂಡು ಬಸ್ಸು ಹತ್ತುವ ತಾಯಂದಿರಿಗೆ ಈಗ ವಯಸ್ಸಾಗಿದೆ.

ತಿರಸ್ಕಾರದ ಕಾರಣ, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂಬುದನ್ನು ಪ್ರತಿ ಅರ್ಜಿದಾರರಿಗೂ ಕನ್ನಡದಲ್ಲಿ ಬರೆದುಕೊಡಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸರಕಾರಿ ಆಸ್ಪತ್ರೆಗಳಲ್ಲಿ ತಿಂಗಳಿಗೊಮ್ಮೆ ಮರುತಪಾಸಣೆ ಶಿಬಿರ ನಡೆಸಬೇಕು. ಏಳಲಾಗದವರ ಮನೆಗೆ ವೈದ್ಯರೇ ಬರಲಿ. ಮಾನ್ಯ ಜಿಲ್ಲಾಧಿಕಾರಿಗಳು ದಯವಿಟ್ಟು ಗಮನಿಸಬೇಕೆಂದು ವಿನಂತಿ.

– ಓರ್ವ ಓದುಗ, ಬೆಳ್ತಂಗಡಿ