ಆರು ಸೆಕೆಂಡಿನ ಸಹನೆ

1984ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಅಮೆರಿಕದ ಸಂಶೋಧಕರಾದ ಹೊವಾರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ ವೈದ್ಯರ ಕೋಣೆಯ ಮಾತುಕತೆಗಳನ್ನು ಧ್ವನಿಮುದ್ರಿಸಿ ಪರಿಶೀಲಿಸಿದರು. ರೋಗಿ ತನ್ನ ಕಷ್ಟ ಹೇಳತೊಡಗಿ ಸರಾಸರಿ 18 ಸೆಕೆಂಡು ಕಳೆಯುವಷ್ಟರಲ್ಲಿ ವೈದ್ಯರು ನಡುವೆ ಬಾಯಿ ಹಾಕಿರುತ್ತಿದ್ದರು. 1999ರಲ್ಲಿ ಪ್ರಕಟವಾದ ಇಂಥದೇ ಇನ್ನೊಂದು ಅಧ್ಯಯನದಲ್ಲಿ ಅದು 23 ಸೆಕೆಂಡು. ಆದರೆ ಇಲ್ಲಿ ಗಮನಿಸಬೇಕಾದ ಅಂಕಿ ಬೇರೆಯೇ ಇದೆ. ಹೇಳುವುದನ್ನೆಲ್ಲ ಹೇಳಿ ಮುಗಿಸಲು ಬಿಟ್ಟಾಗ ರೋಗಿಗಳು ಹೆಚ್ಚಿಗೆ ತೆಗೆದುಕೊಂಡದ್ದು ಸರಾಸರಿ 6 ಸೆಕೆಂಡು ಮಾತ್ರ.

‘ಕೇಳೋಕೆ ಟೈಮ್ ಎಲ್ಲಿದೆ’ ಎಂಬ ನಮ್ಮೆಲ್ಲರ ಸಬೂಬು ಈ ಆರು ಸೆಕೆಂಡಿನ ಮುಂದೆ ನಿಲ್ಲುವುದಿಲ್ಲ.

ಈ ಅಸಹನೆಗೆ ಮೊಬೈಲನ್ನು ಬೈಯುವುದು ಸುಲಭ. ಬೈಯಲೂ ಬೇಕು. 2021ರಲ್ಲಿ ವಾಟ್ಸ್ಆ್ಯಪ್ ಧ್ವನಿಸಂದೇಶವನ್ನು ದುಪ್ಪಟ್ಟು ವೇಗದಲ್ಲಿ ಕೇಳುವ ಸೌಲಭ್ಯ ಕೊಟ್ಟಿತು. ಊರಿನಿಂದ ತಾಯಿ ತಡೆದು ತಡೆದು ಹೇಳಿದ್ದನ್ನು ಮಗ ಮೆಟ್ರೊದಲ್ಲಿ ನಿಂತು ಓಡಿಸಿ ಮುಗಿಸುತ್ತಾನೆ. ವಿಷಯ ತಿಳಿಯುತ್ತದೆ, ಆಕೆ ಎಲ್ಲಿ ತಡೆದಳು, ಯಾವುದನ್ನು ಹೇಳಹೊರಟು ನುಂಗಿಕೊಂಡಳು ಎಂಬುದು ತಿಳಿಯುವುದಿಲ್ಲ. ಆದರೂ 1984ರ ಆ ವೈದ್ಯರ ಕೈಯಲ್ಲಿ ಮೊಬೈಲ್ ಇರಲಿಲ್ಲ.

ಕಾರಣ ಇನ್ನೂ ಒಳಗಿದೆ. ಜಗತ್ತಿನ ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಒಂದೇ ಒಂದು ಪದವನ್ನು ಮನಸ್ಸಿನಲ್ಲಿ ಹೊಂದಿಸಿ ನಾಲಿಗೆಗೆ ತರಲು ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಅಂದಮೇಲೆ ಎದುರಿನವರು ಮಾತಾಡುತ್ತಿರುವಾಗಲೇ ನಾವು ಉತ್ತರ ಕಟ್ಟಲು ತೊಡಗಿರುತ್ತೇವೆ. ಅದು ಯಾರದೇ ದುರ್ಗುಣವಲ್ಲ, ಮಿದುಳು ಕೆಲಸ ಮಾಡುವ ಬಗೆ. ಕಿವಿಗೊಡುವುದು ತಾನಾಗಿ ಬರುವುದಿಲ್ಲ, ರೂಢಿಸಿಕೊಳ್ಳಬೇಕು.

ಕರಾವಳಿ, ಮಲೆನಾಡಿನವರಿಗೆ ಆ ರೂಢಿ ಹೊಸದೇನಲ್ಲ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯವಾದ ಮೇಲೆ ಅರ್ಥಧಾರಿ ಕೂತಲ್ಲೇ ಮಾತು ಕಟ್ಟಬೇಕು. ಬಾಣ ತಗುಲಿ ಬಿದ್ದ ವಾಲಿ ಪ್ರಶ್ನೆ ಹಾಕಿದನೆಂದರೆ ರಾಮನ ಪಾತ್ರಧಾರಿ ಅದೇ ಪ್ರಶ್ನೆಗೆ ಉತ್ತರಿಸಬೇಕು. ಉರು ಹೊಡೆದು ಬಂದದ್ದನ್ನು ಒಪ್ಪಿಸಿದರೆ ಮುಂದಿನ ಸಾಲಿನವರು ಅಲ್ಲೇ ಹಿಡಿಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹೆಸರಾಂತ ಅರ್ಥಧಾರಿಗಳ ಎದುರು ಅರ್ಥ ಹೇಳಲು ಕೂತವರಿಗೆ ನಾಲಿಗೆಯಷ್ಟೇ ಕಿವಿಯೂ ಚುರುಕಾಗಿರಬೇಕಿತ್ತು. ಅಲ್ಲಿಯೂ ವಾದ ಜಿದ್ದಿಗೆ ಬಿದ್ದು ಪ್ರಸಂಗ ಕೆಟ್ಟದ್ದುಂಟು, ನಿಜ. ಆದರೆ ಎದುರಾಳಿಯ ಮಾತು ಕೇಳಿಸಿಕೊಳ್ಳದೆ ಗೆದ್ದವರಿಲ್ಲ. ನಮ್ಮ ಸುದ್ದಿವಾಹಿನಿಗಳ ರಾತ್ರಿಯ ಚರ್ಚೆಗಳಲ್ಲಿ ಮಾತ್ರ ಕೇಳಿಸಿಕೊಂಡವನೇ ಸೋಲುತ್ತಾನೆ, ಏಕೆಂದರೆ ಅಷ್ಟರಲ್ಲಿ ಅವನ ಸರದಿಯನ್ನು ಇನ್ನೊಬ್ಬ ಕಿತ್ತುಕೊಂಡಿರುತ್ತಾನೆ. ದಿನವೂ ಅದನ್ನೇ ನೋಡಿ ಬೆಳೆಯುವ ಮಕ್ಕಳು ಚರ್ಚೆ ಎಂದರೆ ಅದೇ ಎಂದುಕೊಳ್ಳುತ್ತಾರೆ. ನಮ್ಮ ನಿಜವಾದ ಆತಂಕ ಇದು.

ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1952ರ ಲೇಖನವೊಂದರಲ್ಲಿ ಒಂದು ನಿಯಮ ಸೂಚಿಸಿದ್ದರು. ಎದುರಿನವರ ಅಭಿಪ್ರಾಯವನ್ನು ಅವರೇ ‘ಹೌದು, ನಾನಂದದ್ದು ಇದನ್ನೇ’ ಎಂದು ಒಪ್ಪುವಂತೆ ಹೇಳಿದ ಮೇಲೆಯೇ ನಿಮ್ಮದನ್ನು ಹೇಳಿ. ಇದಕ್ಕೆ ಧೈರ್ಯ ಬೇಕೆಂದೂ ಅವರು ಎಚ್ಚರಿಸಿದ್ದರು. ಇನ್ನೊಬ್ಬರನ್ನು ನಿಜವಾಗಿ ಅರ್ಥಮಾಡಿಕೊಳ್ಳಹೋದರೆ ನಾವೇ ಬದಲಾಗಿಬಿಡಬಹುದು. ನಮ್ಮ ಅಳುಕು ಬಹುಶಃ ಅದೇ. ಕನ್ನಡದ ಒಂದಾದರೂ ವಾಹಿನಿ ಈ ನಿಯಮವನ್ನು ತನ್ನ ಚರ್ಚೆಗೆ ಒಂದು ವಾರ ಹಾಕಿ ನೋಡಲಿ ಎಂದು ಒತ್ತಾಯಿಸುತ್ತೇವೆ. ಮನೆಗಳಲ್ಲಿ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಇಲ್ಲಿಯವರೆಗೆ ಯಾರ ಮಾತನ್ನು ಅರ್ಧಕ್ಕೇ ತುಂಡರಿಸುತ್ತ ಬಂದಿದ್ದೇವೋ ಅವರಿಂದಲೇ, ಅಜ್ಜಿಯಿಂದ, ಸೊಸೆಯಿಂದ, ಶಾಲೆಯಿಂದ ಈಗಷ್ಟೇ ಬಂದ ಹುಡುಗನಿಂದ ಇದು ಶುರುವಾಗಲಿ.