ಊರಿಗೆ ಹೊರಡುವ ಮುನ್ನ ಜಾಹೀರಾತು ನಿಲ್ಲಿಸಿ

ಯುಎಇಯ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುತ್ತಿದ್ದಂತೆ ದುಬೈ, ಶಾರ್ಜಾ, ಅಜ್ಮಾನ್‌ನ ಕನ್ನಡಿಗರ ಮನೆಗಳಿಗೆ ಒಂದೊಂದಾಗಿ ಬೀಗ ಬೀಳುತ್ತದೆ. ಮಂಗಳೂರು, ಬೆಂಗಳೂರಿನ ವಿಮಾನಗಳಲ್ಲಿ ಸೀಟು ಸಿಗುವುದಿಲ್ಲ. ನೃತ್ಯ ತರಗತಿ, ಟ್ಯೂಷನ್, ಮನೆಯೂಟದ ಡಬ್ಬಿ, ಹೊಲಿಗೆ, ಬ್ಯೂಟಿ ಪಾರ್ಲರ್ ಎಂದು ನಮ್ಮವರು ಕಟ್ಟಿಕೊಂಡ ಸಣ್ಣ ವ್ಯವಹಾರಗಳೂ ಆರೇಳು ವಾರ ಅರೆನಿದ್ರೆಗೆ ಜಾರುತ್ತವೆ. ನಿದ್ದೆ ಮಾಡದಿರುವುದು ಒಂದೇ: ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ದುಡ್ಡು ಕೊಟ್ಟು ಹಾಕಿದ ಜಾಹೀರಾತು. ಟೀಚರ್ ಕುಂದಾಪುರದಲ್ಲಿ ತಾಯಿಮನೆಯ ಜಗಲಿಯ ಮೇಲೆ ಮಳೆ ನೋಡುತ್ತಾ ಕೂತಿರುತ್ತಾರೆ, ಇಲ್ಲಿ ಅವರ ಬೀಗ ಹಾಕಿದ ತರಗತಿಗೆ 'ಇಂದೇ ಸೇರಿ' ಎಂಬ ಕರೆ ಹೋಗುತ್ತಲೇ ಇರುತ್ತದೆ.

ರಜೆ ಮುಗಿದ ಮೇಲೆ ಇಂಥ ವ್ಯವಹಾರಗಳ ಲೆಕ್ಕ ಹಿಡಿದು ಕೂರುವ ನಮ್ಮಂಥ ಲೆಕ್ಕಿಗರಿಗೆ ಇದು ಪ್ರತಿವರ್ಷದ ನೋಟ. ದಿನಕ್ಕೆ 30 ದಿರ್ಹಂ ಎಂದರೆ ಯಾರಿಗೂ ದೊಡ್ಡದೆನಿಸುವುದಿಲ್ಲ. ಆದರೆ 45 ದಿನಕ್ಕೆ ಅದು 1,350 ದಿರ್ಹಂ, ಊರಿನ ಲೆಕ್ಕದಲ್ಲಿ 30 ಸಾವಿರ ರೂಪಾಯಿಗೂ ಮೇಲೆ. ಮನೆಯಲ್ಲೇ ಅಡುಗೆ ಮಾಡಿ ಡಬ್ಬಿ ಕಳಿಸುವ ಗೃಹಿಣಿಗೆ ಅದು ಎಷ್ಟು ಡಬ್ಬಿಗಳ ಲಾಭ ಎಂದು ಕೇಳಿ ನೋಡಿ.

ಈ ಸೋರಿಕೆ ಕಣ್ಣಿಗೆ ಬೀಳದಿರಲು ಕಾರಣವಿದೆ. ಬಾಡಿಗೆಯ ಚೆಕ್ಕಿನಂತೆ ಇದು ಒಂದೇ ಏಟಿಗೆ ಹೋಗುವುದಿಲ್ಲ. ಖರ್ಚು ಒಂದು ನಿಗದಿತ ಮೊತ್ತ ಮುಟ್ಟಿದಾಗಲೆಲ್ಲ ಮೆಟಾ ಕಂಪನಿ ಕಾರ್ಡಿನಿಂದ ಎಳೆದುಕೊಳ್ಳುತ್ತದೆ, ಉಳಿದದ್ದನ್ನು ತಿಂಗಳ ಬಿಲ್ ದಿನ ಎಳೆಯುತ್ತದೆ. ಪೆಟ್ರೋಲ್, ದಿನಸಿ, ಸಾಲಿಕ್ ರೀಚಾರ್ಜ್ ನಡುವೆ ಈ ಚಿಲ್ಲರೆ ಸಾಲುಗಳು ಅಡಗಿಬಿಡುತ್ತವೆ. ಅದರಲ್ಲೂ ಕಾರ್ಡ್ ಗಂಡನದು, ವ್ಯವಹಾರ ಹೆಂಡತಿಯದು ಆಗಿದ್ದರೆ ಮುಗಿಯಿತು. ಅವರು ಇವರಿಗೆ ಗೊತ್ತಿದೆ ಎಂದುಕೊಳ್ಳುತ್ತಾರೆ, ಇವರು ಅವರಿಗೆ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟೇ. ವಿಮಾನದ ಟಿಕೆಟ್, ಪಾಸ್‌ಪೋರ್ಟ್, ಗ್ಯಾಸ್ ಆಫ್ ಎಂಬ ಪಟ್ಟಿಗೆ ಜಾಹೀರಾತನ್ನೂ ಸೇರಿಸಿಕೊಳ್ಳಿ. ಇನ್ನೂ ಒಳ್ಳೆಯದು, ಹಾಕುವಾಗಲೇ ಕೊನೆಯ ದಿನಾಂಕ ಬರೆದುಬಿಡಿ. ಮನೆಬಾಡಿಗೆಯ ಕರಾರಿಗೆ ಕೊನೆಯ ದಿನಾಂಕ ಇಲ್ಲದೆ ಸಹಿ ಹಾಕದ ನಾವು, ಕೊನೆಯೇ ಇಲ್ಲದ ಜಾಹೀರಾತಿಗೆ ಕಾರ್ಡ್ ನಂಬರ್ ಕೊಡುವುದೇಕೆ?

ನಿಲ್ಲಿಸುವುದು, ಅಳಿಸುವುದು ಎರಡೂ ಒಂದೇ ಅಲ್ಲ. ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಕ್ಯಾಂಪೇನ್, ಅದರೊಳಗೆ ಆ್ಯಡ್ ಸೆಟ್, ಅದರೊಳಗೆ ಜಾಹೀರಾತು ಎಂಬ ಮೂರು ಮೆಟ್ಟಿಲುಗಳಿವೆ. ಮೇಲಿನ ಕ್ಯಾಂಪೇನ್‌ನ ಸ್ವಿಚ್ ಆಫ್ ಮಾಡಿದರೆ ಕೆಳಗಿನದೆಲ್ಲ ನಿಲ್ಲುತ್ತದೆ, ಬೇಕಾದಾಗ ಮತ್ತೆ ಆನ್ ಮಾಡಬಹುದು. ಅಳಿಸಿದ ಜಾಹೀರಾತು ಮತ್ತೆ ಓಡುವುದಿಲ್ಲ. ಬೆಲೆ ತಪ್ಪಾಗಿದ್ದರೆ, ವ್ಯವಹಾರವೇ ಮುಚ್ಚಿದ್ದರೆ, ಚಿತ್ರದಲ್ಲಿರುವ ಮಗುವಿನ ಹೆತ್ತವರು ಬೇಡವೆಂದರೆ ಅಳಿಸಲೇಬೇಕು. ಆದರೆ ಒಂದು ಎಚ್ಚರ. 'ಬೂಸ್ಟ್' ಮಾಡಿದ ಪೋಸ್ಟ್‌ನ ಜಾಹೀರಾತು ನಿಂತರೂ ಪೋಸ್ಟ್ ನಿಮ್ಮ ಪೇಜಿನಲ್ಲಿ ಹಾಗೆಯೇ ಇರುತ್ತದೆ. ಮಗುವಿನ ಚಿತ್ರ ಹೋಗಬೇಕಾದರೆ ಪೋಸ್ಟನ್ನೇ ತೆಗೆಯಬೇಕು.

ಕೆಲವರು ಇದೆಲ್ಲ ತಲೆನೋವು ಎಂದು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡನ್ನೇ ಬ್ಲಾಕ್ ಮಾಡಿಸುತ್ತಾರೆ. ಅದು ನಿಲ್ಲಿಸುವ ದಾರಿಯಲ್ಲ. ಆಗಲೇ ಓಡಿದ ಜಾಹೀರಾತಿನ ಬಾಕಿ ಬಾಕಿಯಾಗಿಯೇ ಉಳಿಯುತ್ತದೆ, ಅದು ತೀರುವವರೆಗೆ ಹೊಸ ಜಾಹೀರಾತು ಹಾಕಲಾಗುವುದಿಲ್ಲ.

ಮಾರ್ಕೆಟಿಂಗ್ ಏಜೆನ್ಸಿಯವರು ಇದಕ್ಕೆ ತಕರಾರು ತೆಗೆಯುತ್ತಾರೆ. ನಿಲ್ಲಿಸಬೇಡಿ, ವ್ಯವಸ್ಥೆ ನಿಮ್ಮ ಗ್ರಾಹಕರನ್ನು 'ಕಲಿಯುತ್ತಿದೆ', ಎಲ್ಲ ಹಾಳಾಗುತ್ತದೆ ಎನ್ನುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ನಿಲ್ಲಿಸಿದ ಆ್ಯಡ್ ಸೆಟ್ ಮತ್ತೆ ಶುರುವಾದಾಗ ಈ ಕಲಿಕೆಯ ಹಂತಕ್ಕೆ ಮರಳುತ್ತದೆ. ಆದರೆ ಆ ಹಂತ ದಾಟಲು ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ದಿನಕ್ಕೆ 30 ದಿರ್ಹಂ ಹಾಕುವವರ ಲೆಕ್ಕ ನೋಡಿ. ವಾರಕ್ಕೆ 210 ದಿರ್ಹಂ. ಒಂದು ವಿಚಾರಣೆಗೆ ಹತ್ತೇ ದಿರ್ಹಂ ಬೀಳುತ್ತದೆ ಎಂದು ಉದಾರವಾಗಿ ಹಿಡಿದರೂ 21 ವಿಚಾರಣೆ. ಪರೀಕ್ಷೆಗೇ ಕೂರದ ಹುಡುಗನಿಗೆ ರ‍್ಯಾಂಕ್ ತಪ್ಪೀತು ಎಂದು ಹೆದರಿಸಿದಂತಾಯಿತು ಇದು.

ದೊಡ್ಡ ಕಂಪನಿಗಳು ನಿಲ್ಲಿಸಲು ಹೆದರಿಲ್ಲ. ಸಾಬೂನು, ಡೈಪರ್ ಮಾರುವ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ 2017ರಲ್ಲಿ ಡಿಜಿಟಲ್ ಜಾಹೀರಾತಿನ 20 ಕೋಟಿ ಡಾಲರ್‌ಗೂ ಹೆಚ್ಚಿನ ಖರ್ಚು ಕಡಿತ ಮಾಡಿತು. ಇಬೇ ಕಂಪನಿ ಅಮೆರಿಕದಲ್ಲಿ ಗೂಗಲ್‌ನಂಥ ಹುಡುಕುತಾಣಗಳ ಜಾಹೀರಾತನ್ನು ಬೇಕೆಂದೇ ನಿಲ್ಲಿಸಿ ನೋಡಿತು. 2015ರಲ್ಲಿ 'ಇಕನಾಮೆಟ್ರಿಕಾ' ಪತ್ರಿಕೆಯಲ್ಲಿ ಬಂದ ಆ ಅಧ್ಯಯನದ ಪ್ರಕಾರ ಹೊಸಬರು, ಅಪರೂಪಕ್ಕೆ ಬರುವವರ ಮೇಲೆ ಜಾಹೀರಾತು ಕೆಲಸ ಮಾಡಿತ್ತು. ಆದರೆ ಹಣದ ಬಹುಪಾಲು ಹೋಗಿದ್ದು ಜಾಹೀರಾತು ಇಲ್ಲದಿದ್ದರೂ ಬರುತ್ತಿದ್ದ ಹಳೆಯ ಗ್ರಾಹಕರ ಮೇಲೆ. ಅದು ಹುಡುಕುತಾಣದ ಕಥೆ, ಇನ್‌ಸ್ಟಾಗ್ರಾಂನದಲ್ಲ, ನಿಜ. ಆದರೂ ಕರಾಮಾದ ಊಟದ ಮನೆಗೂ ಅದೇ ಪ್ರಶ್ನೆ ಇದೆ: ನಿಮ್ಮ ಜಾಹೀರಾತು ಒತ್ತುವವರು ಹೊಸಬರೋ, ಶುಕ್ರವಾರದ ನೀರುದೋಸೆಗೆ ಹೇಗೂ ಬರುವವರೋ?

ಇನ್ನು, ನಾವು ನಿಲ್ಲಿಸಿದರೆ ಮೆಟಾಗೆ ಬೇಸರವಾದೀತೆಂಬ ಚಿಂತೆ ಬೇಡ. 2020ರ ಜುಲೈನಲ್ಲಿ ಸಾವಿರಕ್ಕೂ ಹೆಚ್ಚು ಜಾಹೀರಾತುದಾರರು ದ್ವೇಷದ ಬರಹಗಳನ್ನು ವಿರೋಧಿಸಿ ಫೇಸ್‌ಬುಕ್‌ನಲ್ಲಿ ಜಾಹೀರಾತು ನಿಲ್ಲಿಸಿದ್ದರು. ಆ ವರ್ಷವೂ ಕಂಪನಿಯ ಜಾಹೀರಾತು ಆದಾಯ ಏರಿ 8,400 ಕೋಟಿ ಡಾಲರ್ ದಾಟಿತು.

ನಮಗೆ ಹೆಚ್ಚು ಚಿಂತೆ ಹುಟ್ಟಿಸುವುದು ಸ್ವಿಚ್ ಯಾರ ಕೈಯಲ್ಲಿದೆ ಎಂಬುದು. ಎಷ್ಟೋ ಕಡೆ ಜಾಹೀರಾತಿನ ಖಾತೆಯನ್ನು ಏಜೆನ್ಸಿ ತನ್ನ ಹೆಸರಿನಲ್ಲೇ ತೆರೆದಿರುತ್ತದೆ. ಸಂಘಗಳಲ್ಲಿ ರಾಜ್ಯೋತ್ಸವದ ಟಿಕೆಟ್ ಮಾರಲು ಯಾರೋ ಉತ್ಸಾಹಿ ತರುಣ ತನ್ನ ಸ್ವಂತ ಖಾತೆಯಿಂದ ಹಾಕಿರುತ್ತಾನೆ. ಕೆಲಸ ಬದಲಿಸಿ ಅವನು ದೋಹಾಕ್ಕೆ ಹೋದರೆ ನಿಲ್ಲಿಸಲು ಅವನನ್ನೇ ಹುಡುಕಬೇಕು. ಖಾತೆ ವ್ಯವಹಾರದ ಹೆಸರಿನಲ್ಲಿರಲಿ, ಕನಿಷ್ಠ ಇಬ್ಬರಿಗೆ ಪೂರ್ಣ ಅಧಿಕಾರವಿರಲಿ, ಏಜೆನ್ಸಿಗೆ ಕೆಲಸ ಮಾಡುವಷ್ಟು ಅಧಿಕಾರ ಸಾಕು. ಇದರಲ್ಲಿ ತೆರಿಗೆಯ ಮಾತೂ ಇದೆ. ವ್ಯಾಟ್ ನೋಂದಣಿ ಇರುವವರು ವಿದೇಶಿ ಕಂಪನಿಯಿಂದ ಕೊಂಡ ಇಂಥ ಸೇವೆಗೆ 5 ಶೇಕಡಾ ವ್ಯಾಟನ್ನು ರಿವರ್ಸ್ ಚಾರ್ಜ್ ಆಗಿ ತಮ್ಮ ರಿಟರ್ನ್‌ನಲ್ಲಿ ತೋರಿಸಬೇಕು. 2023ರ ಜೂನ್‌ನಿಂದ ಕಾರ್ಪೊರೇಟ್ ತೆರಿಗೆಯೂ ಬಂದಿದೆ. ಇನ್‌ವಾಯ್ಸ್ ಇನ್ಯಾರದೋ ಹೆಸರಿನಲ್ಲಿದ್ದರೆ ಆ ಖರ್ಚು ನಿಮ್ಮದೆಂದು ತೋರಿಸುವುದು ಕಷ್ಟ.

ಜಾಹೀರಾತೇ ಬೇಡ ಎನ್ನುವವರು ನಾವಲ್ಲ. ನಿನ್ನೆ ಲೈಸೆನ್ಸ್ ಪಡೆದು ಇಂದು ಬಾಗಿಲು ತೆರೆದವರಿಗೆ ಅದು ಬೇಕೇ ಬೇಕು. ಆದರೆ ನಾಲ್ಕೈದು ವರ್ಷದಿಂದ ನಡೆಸುತ್ತಿರುವವರು ಊರಿನಿಂದ ಬಂದ ದಿನವೇ ಸ್ವಿಚ್ ಆನ್ ಮಾಡಬೇಡಿ. ಮೊದಲ ಎರಡು ವಾರ ಫೋನ್ ಮಾಡಿದ ಪ್ರತಿಯೊಬ್ಬರನ್ನೂ 'ನಮ್ಮ ವಿಷಯ ಹೇಗೆ ಗೊತ್ತಾಯಿತು?' ಎಂದು ಕೇಳಿ, ಉತ್ತರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಳೆದ ವರ್ಷ ಜಾಹೀರಾತು ಓಡುತ್ತಿದ್ದಾಗ ಅದೇ ಎರಡು ವಾರದಲ್ಲಿ ಎಷ್ಟು ಜನ ಸೇರಿದ್ದರೆಂಬುದನ್ನೂ ಪಕ್ಕದಲ್ಲಿ ಬರೆಯಿರಿ. ದಿನಕ್ಕೆ 30 ದಿರ್ಹಮೋ, 10 ಸಾಕೋ ಎಂಬುದನ್ನು ಆ ಪುಟ ನೋಡಿ ತೀರ್ಮಾನಿಸಿ.